ಕೈಯಾಡಿಸದ ಚೀಲ

ಲಿಂಬೆಯ ಊರಿಗೆ ಲಿಂಬೆಹಣ್ಣು ಒಯ್ದವರು ಯಾರಾದರೂ ಇದ್ದರೆ ಅದು ನಾನೇ ಇರಬೇಕು. ಹೋದ ತಿಂಗಳು ಮುದ್ದೇಬಿಹಾಳದ ನಮ್ಮ ಹಿತ್ತಲಿನ ಗಿಡದಿಂದ ಒಂದು ಸಣ್ಣ ಚೀಲದಷ್ಟು ಹಣ್ಣು ಕಿತ್ತು, ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ, ತೊಟ್ಟು ನೋಡಿ, ಮತ್ತೊಮ್ಮೆ ಒತ್ತಿ ನೋಡಿ, ಇಂಡಿಯ ದಾರಿ ಹಿಡಿದೆ. ಸಿಂದಗಿಯಲ್ಲಿ ಬಸ್ಸು ಬದಲಿಸಿ ಕೂತಾಗ ಪಕ್ಕದ ಹೆಂಗಸು ನನ್ನ ತೊಡೆಯ ಮೇಲಿನ ಚೀಲ ನೋಡಿ ಕೇಳಿದಳು.

"ಎಲ್ಲಿಗೆ ಹೊಂಟೀರಿ?"

"ಇಂಡಿಗ್ರಿ. ಅಲ್ಲಿಂದ ಅಗರಖೇಡಕ್ಕ."

"ಇಂಡಿಗೆ ಲಿಂಬಿಹಣ್ಣ ಒಯ್ಯಾಕತ್ತೀರಿ? ಅಲ್ಲೇನ ಬರ ಬಿದ್ದೈತೇನ್ರಿ?" ಎಂದು ಸೆರಗು ಬಾಯಿಗೆ ಹಿಡಿದು ನಕ್ಕಳು.

ನಾನೂ ನಕ್ಕೆ. ಕಾರಣ ಹೇಳಲು ಹೋಗಲಿಲ್ಲ, ಹೇಳಿದ್ದರೆ ಇಂಡಿ ಬಂದರೂ ಮುಗಿಯುತ್ತಿರಲಿಲ್ಲ. ಹೊರಗೆ ಹನಿ ಬೀಳುತ್ತಿತ್ತು, ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಒದ್ದೆ ಬಟ್ಟೆಯ ಕಮಟು ವಾಸನೆಯ ನಡುವೆ ಚೀಲದಿಂದ ಲಿಂಬೆ ಸಿಪ್ಪೆಯ ವಾಸನೆ ಮೆಲ್ಲಗೆ ಎದ್ದು ಬಂತು. ಎಂಟು ವರ್ಷದ ಹಿಂದಿನ ಒಂದು ಮಳೆಗಾಲ ಪೂರ್ತಿ ನಾನು ಉಸಿರಾಡಿದ್ದು ಇದೇ ವಾಸನೆಯನ್ನು.

ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಬಸವನ ಬಾಗೇವಾಡಿಯಲ್ಲಿ ಬಿ.ಕಾಂ. ಮುಗಿಸಿ ಇಂಡಿಯ ಹೊರಗಿದ್ದ ಒಂದು ಲಿಂಬೆ ಗೋದಾಮಿನಲ್ಲಿ ಸುಪರ್‌ವೈಜರ್ ಆಗಿ ಸೇರಿದ್ದೆ. ಸುತ್ತಲಿನ ತೋಟಗಳಿಂದ ಬಂದ ಹಣ್ಣನ್ನು ಹದಿನಾರು ಹೆಂಗಸರು ನೆಲದ ಮೇಲೆ ರಾಶಿ ಹಾಕಿಕೊಂಡು ಆರಿಸಿ, ಚೀಲಕ್ಕೆ ತುಂಬಿ, ಬಾಯಿ ಹೊಲಿಯುತ್ತಿದ್ದರು. ಲಾರಿ ಅದನ್ನು ದೂರದ ಪೇಟೆಗಳಿಗೆ ಒಯ್ಯುತ್ತಿತ್ತು. ನನ್ನ ಕೆಲಸ ನೋಡುವುದು. ಆ ಕೆಲಸಕ್ಕೆ ನನಗಿಂತ ಲಾಯಕ್ಕಾದವಳು ಸಿಗುತ್ತಿರಲಿಲ್ಲ ಬಿಡಿ. ಚಿಲಕ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವ ಜಾತಿ ನನ್ನದು. "ದೇವರ ಪ್ರಸಾದ ಕೊಟ್ರೂ ಮೂಸಿ ನೋಡ್ತಾಳ ಇಕಿ" ಎಂದು ಅವ್ವ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು. ಅಪ್ಪ ಮಾತ್ರ "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರ್ಯಾರ ಹೇಳ್ಯಾರ" ಎಂದು ನನ್ನ ಪರ ವಹಿಸುತ್ತಿದ್ದ. ಆ ಗಾದೆಯನ್ನು ನಾನು ಎದೆಯ ಮೇಲೆ ಪದಕದಂತೆ ತೊಟ್ಟುಕೊಂಡು ತಿರುಗುತ್ತಿದ್ದೆ. ಅದರ ಅರ್ಥ ತಿಳಿಯಲು ಆ ಮಳೆಗಾಲವೇ ಬರಬೇಕಾಯಿತು.

ಗೋದಾಮಿನ ಮುಖ್ಯಸ್ಥರು ದಸ್ತಗೀರ ಕಾಕಾ. ಮಾಲೀಕರು ಇರುವುದು ವಿಜಯಪುರದಲ್ಲಿ, ಇಲ್ಲಿ ಎಲ್ಲ ಕಾಕಾನೇ. ಎತ್ತರದ ಆಳು, ಮಾತು ಕಡಿಮೆ. ಗೋದಾಮಿನಲ್ಲಿ ಅವರು ಇಟ್ಟಿದ್ದ ಕಟ್ಟಳೆ ಒಂದೇ. ಚೀಲ ತುಂಬಿದ ಮೇಲೆ ತುಂಬಿದವಳೇ ಅದರ ಬಾಯಿ ಹೊಲಿಯುವಂತಿಲ್ಲ. ಬಾಜೂಕ್ಕೆ ಕೂತವಳು ಬಂದು ಮೊಳಕೈ ತನಕ ಕೈ ಇಳಿಬಿಟ್ಟು ಒಂದು ಸುತ್ತು ಕೈಯಾಡಿಸಬೇಕು. ಮೆತ್ತಗಾದದ್ದು, ರಸ ಒಸರಿದ್ದು ಬೆರಳಿಗೆ ಸಿಕ್ಕರೆ ತೆಗೆದು ಬದಿಗೆ ಎಸೆಯಬೇಕು. ಯಾರ ಚೀಲ, ಎಷ್ಟು ಸಿಕ್ಕಿತು ಎಂದು ಬಾಯಿ ಬಿಡಬಾರದು. ಆಮೇಲೆ ದಬ್ಬಣ. "ಕೈಯಾಡಿಸದ ಚೀಲದ ಬಾಯಿ ಹೊಲಿಬಾರದು" ಎಂಬುದು ಅಲ್ಲಿ ದೇವರ ಮಾತಿನಷ್ಟು ಗಟ್ಟಿ. ಹೆಂಗಸರು ಮನೆಯ ಸಂಗತಿ ಮಾತಾಡುತ್ತ, ಒಬ್ಬರನ್ನೊಬ್ಬರು ಛೇಡಿಸುತ್ತ, ನೋಡದೆಯೇ ಒಬ್ಬರ ಚೀಲದಲ್ಲಿ ಒಬ್ಬರು ಕೈ ಇಳಿಬಿಡುತ್ತಿದ್ದರು.

ಆದರೂ ಒಮ್ಮೊಮ್ಮೆ ಹಣ್ಣು ಕೆಡುತ್ತಿತ್ತು. ಒಂದು ಸಲ ಪೇಟೆಯಿಂದ ತಕರಾರು ಬಂದಾಗ ನಾನು, "ಯಾರ ಚೀಲ ಅಂತ ಹುಡುಕೋಣೇನ್ರಿ ಕಾಕಾ?" ಎಂದು ಹುರುಪಿನಿಂದ ಕೇಳಿದ್ದೆ.

"ಹುಡುಕಿ ಏನ ಮಾಡ್ತಿ? ಯಾರ ಚೀಲ ಅಂದ್ರ ಒಬ್ಬಾಕಿ ಅಳ್ತಾಳ, ಹದಿನೈದು ಮಂದಿ ಹಗುರ ಆಗ್ತಾರ. ನಮ್ಮ ಚೀಲ ಅಂದ್ರ ನಾಳಿಗೆ ಹದಿನಾರೂ ಮಂದಿ ನೆಟ್ಟಗ ಕೈಯಾಡಸ್ತಾರ" ಎಂದರು.

ಕೇಳಲು ಚೆಂದವೇ. ನನಗೆ ಮಾತ್ರ, ಈ ಮನುಷ್ಯ ಇಷ್ಟು ಒಳ್ಳೆಯವನಾಗಿರಲು ಏನೋ ಒಂದು ಕಾರಣ ಇರಬೇಕು ಎಂದೇ ಅನುಮಾನ.

ಹದಿನಾರು ಮಂದಿಯಲ್ಲಿ ಎಲ್ಲರಿಗಿಂತ ಒಳ್ಳೆಯ ಕೈ ಜೈತುನಬಿಯದು. ಅಗರಖೇಡದವಳು, ಐವತ್ತರ ಹತ್ತಿರದ ವಯಸ್ಸು, ಎಲ್ಲರಿಗೂ ಜೈತುನಕ್ಕ. ಹಣ್ಣು ಇನ್ನೂ ಗಟ್ಟಿಯಾಗಿ ಕಾಣುವಾಗಲೇ "ಇದು ನಾಳಿಗೆ ತಡಿಯೂದಿಲ್ಲ" ಎಂದು ಬದಿಗಿಡುತ್ತಿದ್ದಳು. ಪ್ರಮಾಣಿಸಿ ನೋಡುವ ನಾನು ಅಂಥ ಹಣ್ಣನ್ನು ಗುರುತು ಮಾಡಿ ಇಟ್ಟು ಮರುದಿನ ನೋಡಿದ್ದೇನೆ. ತಡೆಯುತ್ತಿರಲಿಲ್ಲ. ಅವಳ ಬಾಜೂಕ್ಕೆ ಕೂರುತ್ತಿದ್ದವಳು ಕಸ್ತೂರಿ. ಹೂವಿನ ಹಿಪ್ಪರಗಿಯಿಂದ ಇಂಡಿಗೆ ಸೊಸೆಯಾಗಿ ಬಂದ ಹುಡುಗಿ, ಮಿಂಚಿನಂಥ ಕೈ, ತುಸು ಅಂಜುಬುರುಕಿ.

ಕಾರಹುಣ್ಣಿಮೆ ಮುಗಿದ ವಾರ ಮಾಲೀಕರು ಕಾಕಾನನ್ನು ತಾಳಿಕೋಟೆಯಲ್ಲಿ ತೆರೆದ ಹೊಸ ಗೋದಾಮಿಗೆ ಕಳಿಸಿದರು. ಅವರ ಜಾಗಕ್ಕೆ ಸಿಂದಗಿಯ ಸಂಗಮೇಶ ಸರ್ ಬಂದರು. ಮೂವತ್ತೈದರ ಒಳಗಿನ ವಯಸ್ಸು, ಇಸ್ತ್ರಿ ಅಂಗಿ, ಎರಡನೇ ದಿನಕ್ಕೇ ಎಲ್ಲರ ಹೆಸರು ಬಾಯಿಪಾಠ. ಹೆಂಗಸರಿಗೂ "ಬರ್ರಿ, ಕೂಡ್ರಿ" ಎನ್ನುವ ಮರ್ಯಾದೆ. ಅವರ ಜೊತೆಯಲ್ಲೇ ಗೋದಾಮಿನ ಮೂಲೆಗೆ ಒಂದು ಕ್ಯಾಮರಾ ಬಂತು, ಬಾಗಿಲ ಬಳಿ ಒಂದು ಕರಿಹಲಗೆ ಬಂತು, ಆಮೇಲೆ ಬಣ್ಣದ ಸುತಳಿ ಬಂತು.

"ನಿಮ್ಮ ಕೆಲಸಕ್ಕ ನಿಮ್ಮ ಹೆಸರ ಸಿಗಬೇಕ್ರಿ" ಎಂದು ಸರ್ ಎಲ್ಲರನ್ನೂ ನಿಲ್ಲಿಸಿ ಹೇಳಿದರು. "ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ನಿಮ್ಮ ಚೀಲ ನಿಮ್ಮ ಬಣ್ಣದ ಸುತಳಿಯಿಂದ ನೀವ ಹೊಲೀರಿ. ಛಲೋ ಇದ್ರ ನಿಮ್ಮ ಹೆಸರ ಹಲಗಿ ಮ್ಯಾಲ. ಕೆಟ್ಟಿದ್ರ ತಿದ್ಕೊಳ್ಳಾಕ ನಿಮಗ ಗೊತ್ತಾಗ್ತದ."

ನನಗೆ ಇದು ಬಹಳ ಹಿಡಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ಇಂಡಿಯ ಪೇಟೆಯಲ್ಲಿ ಒಂಬತ್ತೇ ಬಣ್ಣದ ಸುತಳಿ ಸಿಕ್ಕಿತು. ಉಳಿದ ಏಳು ಮಂದಿಗೆ ನಾನೇ ಕೂತು ಎರಡೆರಡು ಬಣ್ಣ ಹೊಸೆದು ಕೊಟ್ಟೆ. ಜೈತುನಕ್ಕನಿಗೆ ಕೆಂಪು, ಕಸ್ತೂರಿಗೆ ಹಳದಿ.

ಜೈತುನಕ್ಕ ಸುತಳಿಯ ಉಂಡೆಯನ್ನು ಕೈಯಲ್ಲಿ ತಿರುಗಿಸಿ ನೋಡಿ, "ಮತ್ತ ಕೈಯಾಡಸೂದು?" ಎಂದಳು.

"ಅದಕ್ಕ ವ್ಯಾಳೆ ಹೋಗ್ತದ್ರಿ. ಅವರವರ ಚೀಲಕ್ಕ ಅವರವರ ಜವಾಬ್ದಾರಿ" ಎಂದರು ಸರ್. ಅವಳು ಉಂಡೆಯನ್ನು ಬದಿಗಿಟ್ಟು ರಾಶಿಯ ಕಡೆ ತಿರುಗಿದಳು.

ಅದೇ ಸಂಜೆ ಸರ್ ನನ್ನನ್ನು ಕರೆದು ಕೂರಿಸಿ, ದನಿ ಇಳಿಸಿ ಹೇಳಿದರು. "ಮೇಡಂ, ಇಲ್ಲಿ ಓದಿದಾಕಿ ನೀವೊಬ್ಬರ. ಯಾರು ಏನ ಮಾತಾಡ್ತಾರ, ಯಾರು ಯಾರ ಕಡೆ ಹೋಗ್ತಾರ, ಸ್ವಲ್ಪ ಲಕ್ಷ್ಯ ಇಡ್ರಿ. ಈ ಮಾತು ನಮ್ಮಿಬ್ಬರ ನಡುವ ಇರ್ಲಿ."

ನನಗೆ ಹೆಮ್ಮೆಯಾಯಿತು. ಮನೆಗೆ ಹೋಗುವ ದಾರಿಯಲ್ಲಿ ಎರಿಮಣ್ಣು ಚಪ್ಪಲಿಗೆ ಅಂಟಿ ಕಾಲು ಭಾರವಾದರೂ ಮನಸ್ಸು ಹಗುರವಾಗಿತ್ತು. ಆದರೆ ನನ್ನ ಸ್ವಭಾವ ಎಲ್ಲಿ ಹೋಗಬೇಕು? ಬಾಡಿಗೆ ಕೋಣೆಯ ಚಿಲಕ ಜಗ್ಗುವಾಗ ಇನ್ನೊಂದು ಯೋಚನೆ ಬಂತು. ಎಲ್ಲರ ಮೇಲೆ ಕಣ್ಣಿಡಲು ನನಗೆ ಹೇಳಿದವರು, ನನ್ನ ಮೇಲೆ ಕಣ್ಣಿಡಲು ಯಾರಿಗೆ ಹೇಳಿರಬಹುದು?

ಮೊದಲ ಹದಿನೈದು ದಿನ ಚೀಲಗಳ ಸಂಖ್ಯೆ ಜೋರಾಗಿಯೇ ಏರಿತು. ಹಲಗೆಯ ಮೇಲೆ ಎಲ್ಲರಿಗಿಂತ ಮೇಲೆ ಜೈತುನಕ್ಕ, ಅವಳ ಕೆಳಗೆ ಕಸ್ತೂರಿ. ಆಮೇಲೆ ಕಸ್ತೂರಿ ಮೇಲೇರಿದಳು, ಜೈತುನಕ್ಕ ಇಳಿಯತೊಡಗಿದಳು. ಮೂರನೇ ಸ್ಥಾನ, ಆರನೇ ಸ್ಥಾನ, ಹನ್ನೊಂದು. ಇದನ್ನು ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಇನ್ನೊಂದನ್ನೂ ನೋಡಿದ್ದೆ, ಆದರೆ ಗುರುತು ಹಾಕಿಕೊಳ್ಳಲಿಲ್ಲ. ಲಿಂಬೆಯ ಹುಳಿಗೆ ಬೆರಳು ಸೀಳುವುದರಿಂದ ಎಲ್ಲರೂ ಬೆರಳುಗಳಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ಹೆಬ್ಬೆರಳಿಗೆ ಮಾತ್ರ ಯಾರೂ ಸುತ್ತುತ್ತಿರಲಿಲ್ಲ, ಹಣ್ಣಿನ ಒಳಗು ತಿಳಿಯುವುದೇ ಹೆಬ್ಬೆರಳಿನಿಂದ. ಕಸ್ತೂರಿ ಹೆಬ್ಬೆರಳಿಗೂ ಸುತ್ತಿಕೊಂಡಿದ್ದಳು.

ಶ್ರಾವಣ ಹುಟ್ಟಿದ ಮೇಲೆ ಮಳೆ ಹಿಡಿದುಕೊಂಡಿತು. ನಮ್ಮ ಕಡೆ ಮಳೆ ಬಂದರೆ ಸಂತೋಷ, ಲಿಂಬೆ ಗೋದಾಮಿನಲ್ಲಿ ಮಾತ್ರ ಸಂಕಟ. ಒದ್ದೆ ಹಣ್ಣು ಚೀಲದಲ್ಲಿ ಬೆಚ್ಚಗಾಗಿ ಕೊಳೆಯುತ್ತದೆ, ಒಂದು ಕೊಳೆತರೆ ಸುತ್ತಲಿನ ಹತ್ತನ್ನು ಕೆಡಿಸುತ್ತದೆ. ಒಂದು ಮುಂಜಾನೆ ಸರ್ ಮೊಬೈಲಿಗೆ ಪೇಟೆಯಿಂದ ಒಂದು ಫೋಟೊ ಬಂತು. ಬಾಯಿ ಬಿಚ್ಚಿದ ಚೀಲ, ಬೂದಿಬಣ್ಣದ ಬೂಸು ಹಿಡಿದ ಹಣ್ಣು, ಪಕ್ಕದಲ್ಲಿ ಹಳದಿ ಸುತಳಿ.

ಸರ್ ಎಲ್ಲರೆದುರು ಕಸ್ತೂರಿಯ ಹೆಸರು ಓದಿದರು. ಬೈಯಲಿಲ್ಲ. "ತಿದ್ಕೋರಿ" ಎಂದರು ಅಷ್ಟೆ. ಅವಳು ಮುಖ ಮುಚ್ಚಿಕೊಂಡು ಅತ್ತಳು.

"ನಾ ನೋಡೇ ತುಂಬೀನ್ರಿ ಸರ. ಅದು ನಂದಲ್ರಿ. ಯಾರೋ ಹಾಕ್ಯಾರ."

ಯಾರೋ ಹಾಕ್ಯಾರ. ಆ ಎರಡು ಮಾತು ಸಾಕಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅಲ್ಲಿ ಹದಿನಾರೂ ಮಂದಿ ಹೆಗಲು ಮುಟ್ಟಿಕೊಂಡರು. ನೀರು ಕುಡಿಯಲು ಎದ್ದವರೂ ತಿರುಗಿ ತಿರುಗಿ ತಮ್ಮ ಚೀಲ ನೋಡತೊಡಗಿದರು. ಬೇವಿನ ಗಿಡದ ಕೆಳಗೆ ಒಂದೇ ಸುತ್ತಾಗಿ ಕೂತು ಉಣ್ಣುತ್ತಿದ್ದವರು ಇಬ್ಬಿಬ್ಬರಾಗಿ ಉಂಡರು. ಬಾಜೂದವಳ ರಾಶಿಯಿಂದ ಕೊಳೆತ ಹಣ್ಣು ಉರುಳಿ ಕಾಲಿಗೆ ಬಂದರೂ ಯಾರೂ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ, ಹಾಕಲು ಹೋಗಿದ್ದಳು ಎಂದರೆ? ಇಡೀ ಗೋದಾಮಿನಲ್ಲಿ ದಬ್ಬಣ ಎಳೆಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸರ್ ಸಂತೋಷದಿಂದ, "ನೋಡ್ರಿ ಮೇಡಂ, ಈಗ ಹೆಂಗ ಲಕ್ಷ್ಯಗೊಟ್ಟ ಕೆಲಸ ನಡದೈತಿ" ಎಂದರು. ನಾನೂ ತಲೆಯಾಡಿಸಿದೆ.

ಹಳದಿ ಸುತಳಿಯ ಫೋಟೊ ಇನ್ನೆರಡು ಬಂದವು. ಯಾರು ಹಾಕುತ್ತಿರಬಹುದು? ನನ್ನ ತಲೆಗೆ ಇದಕ್ಕಿಂತ ರುಚಿಯಾದ ಮೇವು ಬೇಕಿರಲಿಲ್ಲ. ಮೊದಲು ಎಲ್ಲರಿಗಿಂತ ಮೇಲಿದ್ದವಳು ಯಾರು? ಕಸ್ತೂರಿ ಮೇಲೇರಿದಾಗ ಇಳಿದವಳು ಯಾರು? ಬಾಜೂಕ್ಕೇ ಕೂರುವವಳು ಯಾರು? ಸಂಶಯಕ್ಕೆ ಬಹಳ ಬುದ್ಧಿ ಬೇಕಿಲ್ಲ. ಬೇಕಾದ ಉತ್ತರ ಅದಕ್ಕೆ ಮೊದಲೇ ಗೊತ್ತಿರುತ್ತದೆ.

ಜೈತುನಕ್ಕ ದಿನಾಲೂ ಮಧ್ಯಾಹ್ನ ಗೋದಾಮಿನ ಹಿಂದಿನ ನೀರಿನ ತೊಟ್ಟಿಯ ಬಳಿ ಕೈಕಾಲು ತೊಳೆದು ನಮಾಜು ಮುಗಿಸಿ, ಉಳಿದವರು ಇನ್ನೂ ಉಣ್ಣುವಾಗಲೇ ಒಳಗೆ ಬರುತ್ತಿದ್ದಳು. ಒಂದು ದಿನ ನಾನು ಬಾಗಿಲ ಮರೆಯಲ್ಲಿ ನಿಂತೆ. ಛತ್ರಿ ಹುಡುಕಲು ಬಂದಿದ್ದೆ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಈಗ ಸುಳ್ಳು ಯಾಕೆ, ನಿಂತದ್ದು ನೋಡಲಿಕ್ಕೇ. ಅವಳು ಕಸ್ತೂರಿಯ ತುಂಬಿದ ಚೀಲದ ಮುಂದೆ ಮೊಳಕಾಲೂರಿ ಕೂತಿದ್ದಳು. ಮೊಳಕೈ ತನಕ ಕೈ ಒಳಗಿತ್ತು. ಮುಷ್ಟಿ ಹೊರಬಂತು, ಸೆರಗಿನೊಳಗೆ ಹೋಯಿತು, ಮತ್ತೆ ಚೀಲಕ್ಕೆ ಇಳಿಯಿತು. ತಲೆ ಎತ್ತಿದಾಗ ನನ್ನನ್ನು ಕಂಡಳು. ಗಾಬರಿಯಾಗಲಿಲ್ಲ, ಕಣ್ಣು ತಗ್ಗಿಸಿದಳು. ನನಗೆ ಅಷ್ಟೇ ಸಾಕಾಯಿತು. ಸೆರಗಿನಲ್ಲಿ ಕೊಳೆತ ಹಣ್ಣು ತಂದು ಅದಲು ಬದಲು ಮಾಡುತ್ತಿದ್ದಾಳೆ.

ಸರ್ ಹತ್ತಿರ ಹೋಗಿ ಹೇಳಿದೆ.

"ನೀವ ಕಣ್ಣಾರೆ ಕಂಡೀರಿ?"

"ಕಂಡೀನ್ರಿ."

ಅವರು ಹಣೆ ಒತ್ತಿಕೊಂಡರು. ಅಷ್ಟರಲ್ಲಿ ಫೋನು ಬಂತು. ಎದ್ದು ನಿಂತು "ಹೌದ್ರಿ, ಆತ್ರಿ, ಹಂಗ ಮಾಡ್ತೀನ್ರಿ" ಎನ್ನುತ್ತ ಹೊರಗೆ ಹೋದರು. ತಿರುಗಿ ಬಂದವರು ಎಲ್ಲರನ್ನೂ ಕರೆದು, ಎಲ್ಲರ ಮುಂದೆ ಜೈತುನಕ್ಕನಿಗೆ ನಾಳೆಯಿಂದ ಬರಬೇಡ ಎಂದರು. ಕಾರಣವನ್ನೂ ಹೇಳಿದರು. ಕಂಡವಳು ನಾನು ಎಂಬುದನ್ನೂ ಹೇಳಿದರು.

ಜೈತುನಕ್ಕ ಸರ್ ಕಡೆ ನೋಡಲೇ ಇಲ್ಲ. ಕಸ್ತೂರಿಯ ಕಡೆ ಒಂದು ಕ್ಷಣ ನೋಡಿದಳು, ಆಮೇಲೆ ನನ್ನ ಹತ್ತಿರ ಬಂದಳು.

"ನೀ ಕಂಡಿ ಏನವಾ?"

"ಕಂಡೆ."

"ಏನ ಕಂಡಿ?"

"ಆಕಿ ಚೀಲದಾಗ ನಿನ್ನ ಕೈ ಕಂಡೆ."

"ಕೈ ಅಷ್ಟ ಕಂಡಿ ಹಂಗಾರ" ಎಂದು ಕೆಂಪು ಸುತಳಿಯ ಉಂಡೆಯನ್ನು ನನ್ನ ಕೈಯಲ್ಲಿಟ್ಟು ಹೊರಟುಹೋದಳು.

ಅಂದು ಸಂಜೆ ಹಲಗೆಯ ಮೇಲಿಂದ ಅವಳ ಹೆಸರು ಒರೆಸಿದವಳು ನಾನೇ. ಅಕ್ಷರದ ಗೆರೆಯೂ ಉಳಿಯದಂತೆ ಒರೆಸಿದೆ. ಸತ್ಯ ಹಿಡಿದವಳಿಗೆ ಅಳುಕೇಕೆ?

ಇನ್ನು ಹಳದಿ ಚೀಲಗಳು ಸುರಕ್ಷಿತ ಎಂದುಕೊಂಡಿದ್ದೆವು. ನಾಲ್ಕನೇ ದಿನ ಹಳದಿ ಸುತಳಿಯ ನಾಲ್ಕು ಚೀಲಗಳ ಫೋಟೊ ಒಟ್ಟಿಗೇ ಬಂತು. ಮೊದಲಿಗಿಂತ ಕೆಟ್ಟ ಬೂಸು. ಎರಡು ದಿನ ಬಿಟ್ಟು ಮತ್ತೆ. ಹಸಿರು, ನೀಲಿ ಸುತಳಿಯ ಚೀಲಗಳೂ ಕೆಟ್ಟವು. ಸರ್ ಮುಖ ಬಿಳಿಚಿಕೊಂಡಿತು. "ಇನ್ನೊಬ್ಬಾಕಿ ಇರಬೇಕು ಮೇಡಂ. ಜೈತುನಬಿ ಕೂಡ ಸೇರಿದಾಕಿ. ಲಕ್ಷ್ಯ ಇಡ್ರಿ" ಎಂದರು.

ಲಕ್ಷ್ಯ ಇಡಲು ಹೋದೆ. ಆದರೆ ಈ ಸಲ ಲೆಕ್ಕ ಹೊಂದಲಿಲ್ಲ. ಹಾಕುವವಳು ಹೋದ ಮೇಲೆ ಕೊಳೆ ಕಡಿಮೆಯಾಗಬೇಕಲ್ಲ, ಹೆಚ್ಚಾದದ್ದು ಹೇಗೆ? ಮಧ್ಯಾಹ್ನ ಎಲ್ಲರೂ ಹೊರಗೆ ಹೋದಾಗ ಕಸ್ತೂರಿಯ ತುಂಬಿದ ಚೀಲದ ಮುಂದೆ, ಜೈತುನಕ್ಕ ಕೂತಿದ್ದ ಜಾಗದಲ್ಲೇ ಕೂತು ಕೈ ಇಳಿಬಿಟ್ಟೆ. ಎರಡು ವರ್ಷ ಗೋದಾಮಿನಲ್ಲಿದ್ದರೂ ನಾನು ಯಾರ ಚೀಲದಲ್ಲೂ ಕೈಯಾಡಿಸಿದವಳಲ್ಲ. ಒಂದು ಮೆತ್ತಗಿನದು ಸಿಕ್ಕಿತು. ಇನ್ನೊಂದು. ಬೆರಳು ಪುಸಕ್ಕನೆ ಒಳಗೆ ಹೋದದ್ದು ಮತ್ತೊಂದು. ಬೆಳಗಿನಿಂದ ಆ ಚೀಲದ ಹತ್ತಿರ ಯಾರೂ ಸುಳಿದಿರಲಿಲ್ಲ, ನಾನೇ ಕಾದು ಕೂತಿದ್ದೆ.

ಕಸ್ತೂರಿಯನ್ನು ಒಳಗೆ ಕರೆದು ಅವಳ ಬಲಗೈ ಹಿಡಿದುಕೊಂಡೆ. ಹೆಬ್ಬೆರಳಿನ ಬಟ್ಟೆ ಬಿಚ್ಚಿದರೆ ಬೆರಳು ಊದಿ ಹೊಳೆಯುತ್ತಿತ್ತು, ನಡುವೆ ಲಿಂಬೆ ಮುಳ್ಳು ಮುರಿದ ಕಪ್ಪು ಚುಕ್ಕೆ. ಮುಟ್ಟಿದರೆ ಅವಳಿಗೆ ಅರಿವೇ ಇರಲಿಲ್ಲ.

"ಯಾವಾಗಿನಿಂದ?"

"ತಿಂಗಳ ಮ್ಯಾಲಾತ್ರಿ. ಹೇಳಿದ್ರ ಸರ ತಗದ ಹಾಕ್ತಾರ ಅಂತ ಅಂಜಿದ್ನಿ. ಜೈತುನಕ್ಕ ಒಬ್ಬಾಕಿಗೆ ಗೊತ್ತಿತ್ತು. ಅರಿಷಿಣ ಹಚ್ಚಿ ಕಟ್ಟಿದಾಕಿ ಆಕಿನ. ಯಾರ ಮುಂದೂ ಹೇಳಬ್ಯಾಡ ಅಂತ ಆಣಿ ಹಾಕಿದ್ನಿ."

"ಮತ್ತ ಆಕಿ ನಿನ್ನ ಚೀಲದಾಗ..."

"ಆರಸ್ತಿದ್ಲು ಅಂತ ನನಗ ಖರೇನ ಗೊತ್ತಿರಲಿಲ್ರಿ. ನೀವು ಕಂಡೀನಿ ಅಂದಾಗ ನಾನೂ ನಂಬಿಬಿಟ್ನಿ" ಎಂದು ಕಸ್ತೂರಿ ಗೋಡೆಗೆ ಮುಖ ತಿರುಗಿಸಿದಳು.

ನಾನು ಹಿಂದಿನ ತೊಟ್ಟಿಯ ಬಳಿ ಹೋದೆ. ಗೋದಾಮಿನ ಕಸವೆಲ್ಲ ಮುಂದಿನ ಬಾಗಿಲಿನಿಂದ ಟ್ರ್ಯಾಕ್ಟರಿಗೆ ಹೋಗುತ್ತಿತ್ತು. ಹಿಂದೆ ಬರುತ್ತಿದ್ದವಳು ಜೈತುನಕ್ಕ ಒಬ್ಬಳೇ. ತೊಟ್ಟಿಯ ಮಗ್ಗುಲಿಗೆ, ಅವಳು ಸೆರಗು ಝಾಡಿಸಿರಬೇಕಾದ ಜಾಗದಲ್ಲಿ, ಒಣಗಿ ಕರ್ರಗಾದ ಲಿಂಬೆಯ ಸಿಪ್ಪೆಗಳು ಬಿದ್ದಿದ್ದವು. ಅವುಗಳ ನಡುವೆ ಮಳೆಗೆ ಬೀಜ ಒಡೆದು ಬೆರಳುದ್ದದ ಸಸಿಗಳು ಎದ್ದಿದ್ದವು, ಇಪ್ಪತ್ತಕ್ಕೂ ಹೆಚ್ಚು. ಒಂದು ದಿನದ ಕೆಲಸವಲ್ಲ ಅದು. ಹಲಗೆಯ ಮೇಲೆ ಅವಳ ಹೆಸರು ದಿನದಿನಕ್ಕೆ ಯಾಕೆ ಇಳಿಯಿತು ಎಂಬುದೂ ಆಗಲೇ ಹೊಳೆಯಿತು. ತನ್ನ ಕೈ ಇನ್ನೊಬ್ಬಳ ಚೀಲದಲ್ಲಿದ್ದರೆ ತನ್ನ ಚೀಲ ಹೇಗೆ ತುಂಬೀತು? ಅಲ್ಲೇ ಕುಕ್ಕರಗಾಲಲ್ಲಿ ಕೂತೆ. ನಾಚಿಕೆಯಾಯಿತು. ಪ್ರತ್ಯಕ್ಷ ಕಂಡಿದ್ದೆ, ಪ್ರಮಾಣಿಸಿ ನೋಡಿರಲಿಲ್ಲ. ಜೀವನದಲ್ಲಿ ಒಂದೇ ಸಲ ನೋಡದೆ ಬಿಟ್ಟಿದ್ದೆ, ಅದೂ ನನಗೆ ಬೇಕಾದ ಉತ್ತರ ಸಿಕ್ಕಿತ್ತು ಎಂಬ ಕಾರಣಕ್ಕೆ.

ಮರುದಿನ ರಜೆ ಹಾಕಿ ಅಗರಖೇಡಕ್ಕೆ ಹೋದೆ. ಜೈತುನಕ್ಕ ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದಳು. ನೀರು ಕೊಟ್ಟಳು, ಕೂರು ಎಂದಳು. ನಾನು ತಪ್ಪಾಯಿತು ಎಂದು ಕೈ ಹಿಡಿಯಲು ಹೋದರೆ ಕೈ ಎಳೆದುಕೊಂಡಳು.

"ಕಸ್ತೂರಿ ಬೆರಳ ಹೆಂಗೈತಿ?"

"ದವಾಖಾನಿಗೆ ಕರ್ಕೊಂಡ ಹೋಗಿ ಮುಳ್ಳ ತಗಸೀನಿ."

"ಛಲೋ ಆತು."

"ನೀ ಯಾಕ ಅವತ್ತ ಹೇಳಲಿಲ್ಲಕ್ಕಾ? ಒಂದ ಮಾತ ಹೇಳಿದ್ರ ಸಾಕಾಗಿತ್ತು."

"ಯಾರ ಮುಂದ ಹೇಳಬೇಕಿತ್ತು? ನಿನ್ನ ಮುಂದ?" ಎಂದು ಮೊದಲ ಸಲ ನನ್ನ ಮುಖ ನೋಡಿದಳು. "ಕಾಕಾ ಇದ್ದಾಗ ಹಾಡಹಗಲ ಎಲ್ಲಾರ ಮುಂದ ಕೈಯಾಡಸ್ತಿದ್ನಿ. ನೀವು ಸುತಳಿ ತಂದ ಮ್ಯಾಲ ಅದನ್ನ ಕದ್ದ ಮಾಡಬೇಕಾತು. ಕದ್ದ ಮಾಡಿದ್ದ ಕಳವನ ಕಾಣ್ತೈತಿ ತಂಗಿ. ನಿನ್ನ ಕಣ್ಣಿಂದ ತಪ್ಪಿಲ್ಲ."

ಅದು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು. ಮತ್ತೆ ಕೆಲಸಕ್ಕೆ ಬಾ ಎಂದೆ. ಅವಳು ಮೊರವನ್ನು ಒಮ್ಮೆ ಕೇರಿ, "ನನ್ನ ಮುಂದ ತಪ್ಪಾತು ಅಂದ್ರ ಏನ ಬಂತು? ಕಂಡೀನಿ ಅಂತ ಎಲ್ಲಿ ಹೇಳಿದಿ, ಅಲ್ಲೇ ಹೋಗಿ ಹೇಳು" ಎಂದಳು.

ಹೇಳಿದೆ. ಮರುದಿನ ಬೆಳಿಗ್ಗೆ, ಹಲಗೆಯ ಮುಂದೆ, ಹದಿನೈದು ಮಂದಿಯ ಎದುರು, ಸರ್ ನಿಂತಿದ್ದಾಗಲೇ ಹೇಳಿದೆ. ನಾನು ಕಂಡದ್ದು ಕೈ ಮಾತ್ರ, ಉಳಿದದ್ದೆಲ್ಲ ನಾನು ಸೇರಿಸಿದ್ದು ಎಂದೆ. ಎಲ್ಲರ ಮೇಲೆ ಕಣ್ಣಿಡಲು ಸರ್ ನನಗೆ ಹೇಳಿದ್ದು, ನಾನು ಒಪ್ಪಿದ್ದು, ಅದನ್ನೂ ಹೇಳಿದೆ.

ಆಮೇಲೆ ಮೂಲೆಯಿಂದ ನೀಲವ್ವ ಎಂಬ ಹಿರಿಯಳು ಸೆರಗು ಸರಿಮಾಡಿಕೊಂಡು ಎದ್ದಳು.

"ಸರ, ನಮ್ಮಿಬ್ಬರ ನಡುವ ಇರ್ಲಿ ಅಂತ ನನಗೂ ಹೇಳಿದ್ರಲ್ರಿ."

ಇನ್ನೊಬ್ಬಳು, "ನನಗೂ" ಎಂದಳು. ಮತ್ತೊಬ್ಬಳು ಬಾಯಿ ಬಿಡದೆ ಕೈ ಎತ್ತಿದಳು. ನನ್ನನ್ನು ಸೇರಿಸಿ ನಾಲ್ಕು ಮಂದಿ. ನೀಲವ್ವನಿಗೆ ವಹಿಸಿದ್ದು ನನ್ನ ಮೇಲೆ ಕಣ್ಣಿಡುವ ಕೆಲಸ ಎಂದು ಅವಳೇ ಹೇಳಿದಳು. ನನ್ನ ಅನುಮಾನ ನಿಜವಾಗಿತ್ತು, ಆದರೆ ಅದರಿಂದ ನನಗೆ ಎಳ್ಳಷ್ಟೂ ಸುಖವಾಗಲಿಲ್ಲ.

ಸರ್ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಮೂಲೆಯ ಕ್ಯಾಮರಾದ ಕಡೆ ನೋಡಿದರು, ಕೈಯಲ್ಲಿದ್ದ ಫೋನು ನೋಡಿದರು. "ಆ ಕ್ಯಾಮರಾ ನಿಮ್ಮ ಸಲುವಾಗಿ ಅಷ್ಟ ಅಲ್ರಿ, ಅದರಾಗಿಂದು ನನಗೂ ಕಾಣೂದಿಲ್ಲ. ಮಾಲೀಕರು ದಿನಕ್ಕ ಮೂರ ಸಲ ನಾ ಎಲ್ಲಿ ನಿಂತೀನಿ, ಎಲ್ಲಿ ಕುಂತೀನಿ ಅಂತ ಅದರಾಗ ನೋಡಿ ಕೇಳ್ತಾರ" ಎಂದರು. ಇಸ್ತ್ರಿ ಅಂಗಿಯ ಆ ಮನುಷ್ಯ ನಮ್ಮೆಲ್ಲರಿಗಿಂತ ಹೆಚ್ಚು ಅಂಜಿದ್ದ ಎಂದು ನನಗೆ ತಿಳಿದದ್ದು ಆಗ. ಆದರೂ ಅವರ ಮೇಲೆ ಪೂರ್ತಿ ಮರುಕ ಹುಟ್ಟಲಿಲ್ಲ. ಅಂಜಿಕೆಯನ್ನು ಹಂಚುವಾಗ ಅವರು ನಗುನಗುತ್ತಲೇ ಹಂಚಿದ್ದರು.

ನಾನು ಹೇಳಿದ ಸುದ್ದಿ ಅಗರಖೇಡಕ್ಕೂ ಮುಟ್ಟಿತು, ಸೋಮವಾರ ಜೈತುನಕ್ಕ ಬಂದಳು, ಸರ್ ಬೇಡ ಎನ್ನಲಿಲ್ಲ. ತನ್ನ ಜಾಗದಲ್ಲಿ ಕೂತಳು. ಕಸ್ತೂರಿಯ ಮೊದಲ ಚೀಲ ತುಂಬಿದಾಗ, ಕ್ಯಾಮರಾದ ನೇರಕ್ಕೆ, ಮೊಳಕೈ ತನಕ ಕೈ ಇಳಿಬಿಟ್ಟು ಸಾವಕಾಶವಾಗಿ ಒಂದು ಸುತ್ತು ಕೈಯಾಡಿಸಿ, ಎರಡು ಹಣ್ಣು ತೆಗೆದು ಎಸೆದು, "ಇನ್ನ ಹೊಲಿ" ಎಂದಳು. ಸರ್ ನೋಡಿಯೂ ನೋಡದಂತೆ ಹೊರಗೆ ಹೋದರು. ನೀಲವ್ವನೂ ತನ್ನ ಬಾಜೂದವಳ ಚೀಲದ ಕಡೆ ಸರಿದಳು. ಬಣ್ಣದ ಸುತಳಿ ತೀರಿದ ಮೇಲೆ ಯಾರೂ ಹೊಸದು ತರಲಿಲ್ಲ. ಫೋಟೊಗಳು ಕಡಿಮೆಯಾದವು. ಮಹಾನವಮಿ ಬರುವ ಹೊತ್ತಿಗೆ ಮತ್ತೆ ಮನೆಯ ಮಾತು, ಛೇಡಿಸುವುದು, ನಗು ಕೇಳತೊಡಗಿತು.

ನಾನು ಹತ್ತಿರ ಹೋದರೆ ಮಾತ್ರ ಅದು ನಿಲ್ಲುತ್ತಿತ್ತು. ಯಾರೂ ಮುನಿಸು ತೋರಿಸಲಿಲ್ಲ, "ಬರ್ರಿ ಮೇಡಂ" ಎನ್ನುತ್ತಿದ್ದರು. ಆದರೆ ನನ್ನ ಚಪ್ಪಲಿಯ ಸದ್ದಿಗೆ ಮಾತು ಬೇರೆ ದಾರಿ ಹಿಡಿಯುತ್ತಿತ್ತು. ದಿನಕ್ಕೊಂದು ಮಾದರಿ ಚೀಲವನ್ನು ನಾನೇ ತುಂಬಿ ಪೇಟೆಗೆ ಕಳಿಸಬೇಕಿತ್ತು. ಅದನ್ನು ಜೈತುನಕ್ಕನ ಪಕ್ಕದಲ್ಲೇ ಇಟ್ಟು ಕಾಯುತ್ತಿದ್ದೆ. ಅವಳು ಹದಿನೈದು ಮಂದಿಯ ಚೀಲದಲ್ಲಿ ಕೈಯಾಡಿಸಿದಳು, ನನ್ನ ಚೀಲದಲ್ಲಿ ಒಂದು ದಿನವೂ ಆಡಿಸಲಿಲ್ಲ. ಹಬ್ಬ ಮುಗಿದ ಮೇಲೆ ನಾನು ಕೆಲಸ ಬಿಟ್ಟೆ. ಹೋಗುವ ದಿನ ತೊಟ್ಟಿಯ ಮಗ್ಗುಲಿನ ಒಂದು ಸಸಿಯನ್ನು ಮಣ್ಣು ಸಮೇತ ಕಿತ್ತು, ಹಾಲಿನ ಪಾಕೀಟಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಈಗ ಮುದ್ದೇಬಿಹಾಳದಲ್ಲಿ ಹನ್ನೊಂದು ಹೆಂಗಸರು ಸೇರಿ ಖಡಕ್ ರೊಟ್ಟಿ ಮಾಡುವ ಒಂದು ಸಣ್ಣ ಘಟಕವನ್ನು ನಾನೇ ನಡೆಸುತ್ತೇನೆ. ಯಾರ ರೊಟ್ಟಿ ಮುರಿಯುತ್ತದೆ ಎಂದು ತಿಳಿಯಲು ಪಾಕೀಟಿನಲ್ಲಿ ಮಾಡಿದವಳ ಹೆಸರಿನ ಚೀಟಿ ಇಡಿ ಎಂದು ಹೋದ ವರ್ಷ ಒಬ್ಬರು ಸಲಹೆ ಕೊಟ್ಟರು. ಬೇಡ ಎಂದೆ. ನಾನು ದೊಡ್ಡ ಮನಸ್ಸಿನವಳು ಎಂದಲ್ಲ. ಹೆಸರಿದ್ದರೆ ನಾನು ಹುಡುಕುತ್ತೇನೆ, ನನಗೆ ನನ್ನ ಮೇಲೇ ನಂಬಿಕೆಯಿಲ್ಲ. ಆ ಸಸಿ ಹಿತ್ತಲಿನಲ್ಲಿ ಬೆಳೆದು ಗಿಡವಾಗಿ ಈ ವರ್ಷ ಮೊದಲ ಸಲ ಮೈತುಂಬ ಕಾಯಿ ಬಿಟ್ಟಿತು. ಅದಕ್ಕೇ ಲಿಂಬೆಯ ಊರಿಗೆ ಲಿಂಬೆ ಹೊತ್ತು ಹೊರಟದ್ದು.

ಅಗರಖೇಡದಲ್ಲಿ ಜೈತುನಕ್ಕ ಅದೇ ಪಡಸಾಲೆಯಲ್ಲಿದ್ದಳು. ಕಣ್ಣು ಮಸುಕಾಗಿದೆಯಂತೆ, ಕೆಲಸ ಬಿಟ್ಟಿದ್ದಾಳೆ. ದನಿಯಿಂದಲೇ ಗುರುತು ಹಿಡಿದು, "ಸುವರ್ಣಾ, ಎಷ್ಟ ದಿನಕ್ಕ ಬಂದಿ" ಎಂದಳು. ಗಿಡದ ಕಥೆ ಹೇಳಿ ಚೀಲವನ್ನು ಮುಂದಿಟ್ಟೆ. ಅವಳು ಚೀಲದ ಬಾಯಿ ಬಿಚ್ಚಿ, ಬಳೆ ಹಿಂದೆ ಸರಿಸಿ, ಮೊಳಕೈ ತನಕ ಕೈ ಇಳಿಬಿಟ್ಟು ಸಾವಕಾಶವಾಗಿ ಒಂದು ಸುತ್ತು ಆಡಿಸಿದಳು. ನಾನು ಆ ಕೈಯನ್ನೇ ನೋಡುತ್ತಿದ್ದೆ. ಕೈ ಹೊರಗೆ ಬಂದಾಗ ಅದರಲ್ಲಿ ಒಂದು ಹಣ್ಣಿತ್ತು.

"ಇದೊಂದು ತಡಿಯೂದಿಲ್ಲ" ಎಂದು ಅದನ್ನು ನನ್ನ ಅಂಗೈಯಲ್ಲಿಟ್ಟಳು. "ಇನ್ನ ಬಾಯಿ ಕಟ್ಟು."

ಒಂದೊಂದನ್ನೂ ಎರಡೆರಡು ಸಲ ಒತ್ತಿ ನೋಡಿ ತಂದ ಹಣ್ಣು ಅವು. ಅದರಲ್ಲಿ ಕೆಟ್ಟದ್ದು ಇರಲು ಸಾಧ್ಯವೇ ಇರಲಿಲ್ಲ. ಹೆಬ್ಬೆರಳು ತಾನಾಗಿಯೇ ಅದರ ಮೇಲೆ ಬಂದು ನಿಂತಿತು. ನಾನು ಒತ್ತಲಿಲ್ಲ. ಹಣ್ಣನ್ನು ಬದಿಗಿಟ್ಟು ಚೀಲದ ಬಾಯಿ ಕಟ್ಟಿದೆ.